‘ಚೇಷ್ಟೆ’ ಎಂಬ ಮಾತು

ಇಂಗ್ಲಿಷಿನಲ್ಲಿ ‘ವಿಟ್’ ಎಂದು ಒಂದು ಶಬ್ದವುಂಟಷ್ಟೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದು ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ವರ್ಷಕ್ಕೊಮ್ಮೆಯಾದರೂ ಎದುರಾಗತಕ್ಕ ಪ್ರಶ್ನೆ. ಹಾಸ್ಯವೆಂದರೆ ಅರ್ಥ ಬಹಳ ಅಗಲವಾಯಿತು. ಜಾರಿಬಿದ್ದವನನ್ನು ಕಂಡು ನಗುವುದೂ ಹಾಸ್ಯವೇ. ವಿನೋದವೆಂದರೆ ಬಹಳ ಸೌಮ್ಯವಾಯಿತು. ವನಭೋಜನವೂ ಇಸ್ಪೀಟಾಟವೂ ವಿನೋದದೊಳಗೇ ಅಡಗುತ್ತವೆ. ಪಂಡಿತರು ‘ಚಾಟೂಕ್ತಿ’ಯನ್ನು ಮುಂದಿಡುವರು. ಆದರೆ ಸಂಸ್ಕೃತದಲ್ಲಿ ಚಾಟುವೆಂದರೆ ಪ್ರಿಯವಾದ ಮಾತು, ಮುಖಸ್ತುತಿ. ದೊರೆಯ ಮುಂದೆ ನಿಂತವನ ಬಾಯಿಗೆ ಒಪ್ಪುವಂಥದು. ‘ಕುಚೋದ್ಯ’ವು ಮೂಲದಲ್ಲಿ ಶಾಸ್ತ್ರವಾದದ ಮಾತು, ಎದುರಾಳಿ ಎತ್ತುವ ವಕ್ರವಾದ ಆಕ್ಷೇಪಕ್ಕೆ ಆ ಹೆಸರು. ಅದು ವಾದಶಾಲೆಯಿಂದ ಬೀದಿಗಿಳಿದು ಹುಡುಗರ ಕೈಗೆ ಸಿಕ್ಕಿ ಕೀಟಲೆಯೆಂಬ ಅರ್ಥವನ್ನು ಪಡೆಯಿತು.

ಸಂಸ್ಕೃತದಿಂದಲೇ ತರಬೇಕೆಂದರೆ ‘ವೈದಗ್ಧ್ಯ’ವು ಇವೆಲ್ಲಕ್ಕಿಂತ ಹತ್ತಿರವಾದದ್ದು. ವಿದಗ್ಧನೆಂದರೆ ಚತುರ, ರಸಿಕ. ಶಬ್ದವನ್ನು ಬಿಡಿಸಿ ನೋಡಿದರೆ ಚೆನ್ನಾಗಿ ಬೆಂದವನು. ಹಸಿಯಾಗಿಯೂ ಇಲ್ಲ, ಸೀದೂ ಹೋಗಿಲ್ಲ ಎಂಬ ಭಾವ ಬಹಳ ಸೊಗಸಾದದ್ದು. ಇಂಗ್ಲಿಷಿನ ‘ವಿಟ್’ ಕೂಡ ನಮಗೆ ಪೂರ್ತಿ ಪರಕೀಯವಲ್ಲ. ಅರಿವೆಂಬ ಅರ್ಥದ ಹಳೆಯ ಧಾತುವಿನಿಂದ ಹುಟ್ಟಿ, ನಮ್ಮ ವೇದ ವಿದ್ಯೆಗಳಿಗೆ ದೂರದ ದಾಯಾದಿಯಾಗಿದೆ. (ನಾಟಕಗಳ ‘ವಿಟ’ನಿಗೂ ಅದಕ್ಕೂ ಸಂಬಂಧವಿಲ್ಲವೆಂದು ತರಗತಿಯಲ್ಲಿ ಪ್ರತಿವರ್ಷವೂ ಸ್ಪಷ್ಟಪಡಿಸಬೇಕಾಗುತ್ತದೆ.) ಹಳಗನ್ನಡದಲ್ಲಿ ‘ಚದುರು’ ಎಂಬ ಮುದ್ದಾದ ಮಾತಿತ್ತು. ಸುಮಾರು 850ರ ‘ಕವಿರಾಜಮಾರ್ಗ’ವು ಈ ನಾಡಿನ ಜನರನ್ನು ಸ್ವಭಾವದಿಂದಲೇ ಚದುರರೆಂದು ಕೊಂಡಾಡಿದ್ದನ್ನು ಕೇಳುಗರು ಬಲ್ಲರು. ಆ ಗ್ರಂಥವು ಕನ್ನಡದ ತಿರುಳೆಂದು ಗುರುತಿಸಿದ ನಾಲ್ಕು ಊರುಗಳಲ್ಲಿ ಒಂದಾದ ಒಕ್ಕುಂದವು ಇಂದಿನ ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ಆದರೆ ಚದುರು ಈಗ ಆಡುವ ಮಾತಿನಲ್ಲಿ ಉಳಿದಿಲ್ಲ. ವೈದಗ್ಧ್ಯವನ್ನಂತೂ ಸಂತೆಯಲ್ಲಿ ಯಾರೂ ಉಚ್ಚರಿಸಲಾರರು.

ಇಷ್ಟಾದ ಮೇಲೆ ಕೆಲವರು ಕೈಚೆಲ್ಲಿ, ಕನ್ನಡದಲ್ಲಿ ಅಂಥ ಶಬ್ದವೇ ಇಲ್ಲ, ಶಬ್ದವಿಲ್ಲವಾದ್ದರಿಂದ ಆ ಗುಣವೂ ನಮ್ಮಲ್ಲಿ ಕಡಮೆ ಎಂದುಬಿಡುತ್ತಾರೆ. ಈ ತೀರ್ಮಾನವನ್ನು ನಾವು ಒಪ್ಪುವುದಿಲ್ಲ. ಬುದ್ಧಿವಂತಿಕೆಯ ನಗೆಗೆ ಜನ ದಿನವೂ ಬಳಸುವ ಶಬ್ದವೊಂದು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಎಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯಲ್ಲಿ, ಗಟ್ಟಿಯಾಗಿ ಬದುಕಿದೆ. ಉತ್ತರದ ಇತರ ಕಡೆಗಳಲ್ಲಿಯೂ ಅದುಂಟು. ಆದರೆ ಎರಡು ಭಾಷೆಗಳು ಒಂದೇ ಜಗಲಿಯ ಮೇಲೆ ಕುಳಿತಿರುವ ಈ ಐದು ಊರುಗಳಲ್ಲಿ ಅದರ ಗುಣ ಸ್ಪಷ್ಟವಾಗಿ ತೋರುತ್ತದೆ. ಶಬ್ದ ನಮಗೆಲ್ಲ ಪರಿಚಿತವಾದದ್ದೇ: ಚೇಷ್ಟೆ. ಅಲ್ಲಿಯವರ ಬಾಯಲ್ಲಿ ಅದು ‘ಚ್ಯಾಷ್ಟಿ’. ಇದು ಅಪಭ್ರಂಶವೆಂದು ಮೂಗು ಮುರಿಯಬೇಕಾದ್ದಿಲ್ಲ. ಆ ಕಡೆಯಲ್ಲಿ ಪೇಟೆ ಪ್ಯಾಟಿಯಾಗುತ್ತದೆ, ಬೇಳೆ ಬ್ಯಾಳಿಯಾಗುತ್ತದೆ. ಅದೇ ನಿಯಮದಂತೆ ಚೇಷ್ಟೆಯು ಚ್ಯಾಷ್ಟಿಯಾಯಿತು.

ಮೈಸೂರಿನ ಕಡೆ ಚೇಷ್ಟೆಯೆಂದರೆ ಏನು? ಮಗು ಬಹಳ ಚೇಷ್ಟೆ ಮಾಡುತ್ತದೆಂದು ತಾಯಿ ದೂರುತ್ತಾಳೆ. ಕಪಿಚೇಷ್ಟೆಯೆಂಬ ಮಾತುಂಟು; ಇನ್ನೂ ಕೆಟ್ಟದ್ದಾದರೆ ಕುಚೇಷ್ಟೆ. ಒಟ್ಟಿನಲ್ಲಿ ಕೈಕಾಲು ಸುಮ್ಮನಿರದವನು ಮಾಡುವ ತಂಟೆ. ಇದು ಮೂಲಕ್ಕೆ ಸಮೀಪದ ಅರ್ಥವೇ. ಸಂಸ್ಕೃತದಲ್ಲಿ ಚೇಷ್ಟೆಯೆಂದರೆ ಅಂಗಗಳ ಚಲನೆ, ವ್ಯಾಪಾರ, ಪ್ರಯತ್ನ. ಜ್ಞಾನಿಯೂ ತನ್ನ ಪ್ರಕೃತಿಗೆ ತಕ್ಕಂತೆ ನಡೆಯುತ್ತಾನೆಂದು ಹೇಳುವಾಗ ಗೀತೆಯ ಮೂರನೆಯ ಅಧ್ಯಾಯದಲ್ಲಿ ಈ ಧಾತುವೇ ಪ್ರಯೋಗವಾಗಿದೆ. ಅಲುಗಾಡದೆ ಬಿದ್ದವನನ್ನು ನಿಶ್ಚೇಷ್ಟಿತನೆನ್ನುವಾಗ ನಾವೂ ಆ ಹಳೆಯ ಅರ್ಥವನ್ನೇ ಉಪಯೋಗಿಸುತ್ತೇವೆ. ಬಂಗಾಳಿಯಲ್ಲಿಯೂ ಹಿಂದಿಯಲ್ಲಿಯೂ ಇದು ಪ್ರಯತ್ನವೆಂಬ ಅರ್ಥದಲ್ಲಿ ನಿಂತಿದೆ. ಸಾಲ ತೀರಿಸಲು ‘ಚೇಷ್ಟೆ’ ಮಾಡುತ್ತಿದ್ದೇನೆಂದು ಬಂಗಾಳಿಯೊಬ್ಬನು ಪ್ರಾಮಾಣಿಕವಾಗಿ ಹೇಳಿದರೆ, ಅವನಿಗೆ ಸಾಲ ಕೊಟ್ಟ ಚಿಕ್ಕೋಡಿಯ ಸಾಹುಕಾರನ ಮುಖ ಹೇಗಾದೀತೆಂಬುದನ್ನು ಕೇಳುಗರು ಊಹಿಸಿಕೊಳ್ಳಬಹುದು.

ಅಂಗವಿಕ್ಷೇಪವು ನಗೆಯಾದ ದಾರಿ ಕಾಣದ್ದೇನೂ ಅಲ್ಲ. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ‘ಸಾಹಿತ್ಯದರ್ಪಣ’ದಲ್ಲಿ ಹಾಸ್ಯದ ಕಾರಣಗಳನ್ನು ಹೇಳುವಾಗ ವಿಕಾರವಾದ ಆಕಾರ, ಮಾತು, ವೇಷಗಳೊಂದಿಗೆ ಚೇಷ್ಟೆಯನ್ನೂ ಎಣಿಸಿದ್ದಾನೆ. ಅಲ್ಲಿ ಚೇಷ್ಟೆಯು ನಗೆಗೆ ಕಾರಣ. ಕಾರಣದ ಹೆಸರು ಕಾರ್ಯಕ್ಕೆ ಅಂಟಿಕೊಳ್ಳುವುದು ಭಾಷೆಯಲ್ಲಿ ನಿತ್ಯದ ಸಂಗತಿ. ಹಾಗೆ ಅಂಟಿಕೊಂಡು, ಕಾಲಕ್ರಮದಲ್ಲಿ ಕೈಕಾಲನ್ನು ಬಿಟ್ಟು ನಾಲಗೆಗೆ ಏರಿ, ಮಾತಿನ ಚಮತ್ಕಾರಕ್ಕೆ ಅದು ಹೆಸರಾಯಿತು. ಮರಾಠಿಯಲ್ಲಿಯೂ ‘ಚೇಷ್ಟಾ’ ಎಂದರೆ ಗೇಲಿ, ಪರಿಹಾಸ. ಈ ಅರ್ಥವು ಎರಡು ಭಾಷೆಗಳಿಗೂ ಸಾಮಾನ್ಯವಾದ ಆಸ್ತಿ. ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರದ ಹೆಸರಿನಲ್ಲಿ ಮಾರಾಟವಾಗುವುದನ್ನು ತಾವು ಬಲ್ಲಿರಿ. ಆ ಚಪ್ಪಲಿಗೆ ಸಂದ ಭೌಗೋಳಿಕ ಗುರುತು ಈಗ ಎರಡೂ ರಾಜ್ಯಗಳ ನಾಲ್ಕು ನಾಲ್ಕು ಜಿಲ್ಲೆಗಳಿಗೆ ಸೇರಿದೆ. ಶಬ್ದಗಳಿಗೂ ಅಂಥ ಗುರುತು ಕೊಡುವ ಕಚೇರಿಯಿದ್ದಿದ್ದರೆ ಚೇಷ್ಟೆಯ ಕಾಗದಪತ್ರವೂ ಹೀಗೆಯೇ ಆಗುತ್ತಿತ್ತು.

ಇದರ ನೆರೆಹೊರೆಯ ಶಬ್ದಗಳನ್ನೂ ಬೇಗ ನೋಡಿಬಿಡೋಣ. ‘ಮಸ್ಕಿರಿ’ಯು ಅರಬ್ಬಿಯಿಂದ ಹೊರಟು ಪಾರಸಿ ಮರಾಠಿಗಳ ಮೂಲಕ ಬಂದದ್ದು, ಅದರಲ್ಲಿ ಕೋಡಂಗಿಯ ವಾಸನೆ ಇನ್ನೂ ಹೋಗಿಲ್ಲ. ‘ಥಟ್ಟಾ’ ಎಂಬುದು ಗಟ್ಟಿ ನಗೆಯ ಮಾತು. ‘ತಮಾಷೆ’ಯೂ ಅರಬ್ಬಿ ಮೂಲದ್ದೇ, ಮರಾಠಿಯಲ್ಲಿ ಅದು ಡೋಲಕಿ ಲಾವಣಿಗಳ ರಂಗಪ್ರಕಾರದ ಹೆಸರಾದುದರಿಂದ ನಿಪ್ಪಾಣಿಯಲ್ಲಿ ತಮಾಷೆಯೆಂದರೆ ಮೊದಲು ನೆನಪಾಗುವುದು ಆಟ, ಆಮೇಲೆ ಹಾಸ್ಯ. ಇವುಗಳ ನಡುವೆ ಚ್ಯಾಷ್ಟಿಗೆ ಬೇರೆಯೇ ಒಂದು ಸ್ಥಾನವುಂಟು. ಮಸ್ಕಿರಿಯನ್ನು ಮೂಢನೂ ಮಾಡಬಲ್ಲನು; ಒಳ್ಳೆಯ ಚ್ಯಾಷ್ಟಿಗೆ ಎದುರಿನವನ ಮಾತನ್ನು ಕಿವಿಗೊಟ್ಟು ಕೇಳಿರಬೇಕು.

ಕೇಳಿರಬೇಕೆಂದೆವು, ಆದ್ದರಿಂದ ಉದಾಹರಣೆಯನ್ನೂ ಅಲ್ಲಿಂದಲೇ ಆರಂಭಿಸುವುದು ಉಚಿತ. ಈ ಊರುಗಳ ಸ್ಥಿತಿಯನ್ನು ಮೊದಲು ಎರಡು ಮಾತಿನಲ್ಲಿ ಹೇಳಬೇಕು. ನಿಪ್ಪಾಣಿಯು ಹೊಗೆಸೊಪ್ಪಿನ ಹಳೆಯ ಪೇಟೆ. ಹೆದ್ದಾರಿಯಲ್ಲಿ ತುಸು ದೂರ ಹೋದರೆ ಕೊಲ್ಲಾಪುರ. ಕಾಗವಾಡದ ಮಗ್ಗುಲಲ್ಲಿಯೇ ಮೀರಜವಿದೆ. ಅಥಣಿಯು ವಿಜಾಪುರದ ಕಡೆಗೆ ಮುಖಮಾಡಿದೆ. ರಾಯಬಾಗವು 1949ರವರೆಗೆ ಕೊಲ್ಲಾಪುರ ಸಂಸ್ಥಾನದ ಭಾಗವಾಗಿದ್ದಿತು. ಕೃಷ್ಣೆಯೂ ದೂಧಗಂಗೆಯೂ ಎರಡು ಭಾಷೆಗಳ ಹೊಲಗಳಿಗೆ ನೀರೂಡುತ್ತ ಹರಿಯುತ್ತವೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಅಥವಾ ಇದಕ್ಕೆ ತಿರುವುಮುರುವು. ಹೆಣ್ಣು ತಂದದ್ದು ಅಲ್ಲಿಂದ, ಕೊಟ್ಟದ್ದು ಇಲ್ಲಿಗೆ. ಓದುಬರಹವಿಲ್ಲದ ಮುದುಕಿಯೂ ಎರಡು ಭಾಷೆಗಳಲ್ಲಿ ಚೌಕಾಸಿ ಮಾಡಬಲ್ಲಳು.

ಇಂಥ ಸಂತೆಯಲ್ಲಿ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಹೆಂಗಸು ಬಾಳೆಹಣ್ಣು ಮಾರಲು ಮರಾಠಿಯಲ್ಲಿ “ಕೇಳೀ! ಕೇಳೀ!” ಎಂದು ಕೂಗುತ್ತಾಳೆ. ಮರಾಠಿಯಲ್ಲಿ ‘ಕೇಳೀ’ ಎಂದರೆ ಬಾಳೆಹಣ್ಣುಗಳು. ಹಾದುಹೋಗುವ ಕನ್ನಡದ ರೈತನು ನಿಂತು, “ಕೇಳಾಕತ್ತೇನವಾ, ಹೇಳಲ್ಲ ಮತ್ತ!” ಎನ್ನುತ್ತಾನೆ. ಅವಳಿಗೂ ಕನ್ನಡ ಬರುತ್ತದೆ. “ಕೇಳಾಕ ರೊಕ್ಕಾ ಬೇಕಪ್ಪ, ಬರೇ ಕಿವಿ ಇದ್ರ ಸಾಲೂದಿಲ್ಲ” ಎಂದು ಅವಳು ಒಂದು ಡಜನ್ನನ್ನು ಎತ್ತಿ ಅವನ ಚೀಲಕ್ಕೆ ಹಾಕುತ್ತಾಳೆ. ಇನ್ನೊಂದು: ನಿಪ್ಪಾಣಿಯ ಮನೆಯ ಬಾಗಿಲಿಗೆ ಊಟದ ಹೊತ್ತಿಗೆ ಚಿಕ್ಕೋಡಿಯ ಬೀಗರು ಬರುತ್ತಾರೆ. ಒಳಗಿನಿಂದ ಯಜಮಾನರು ಆದರದಿಂದ “ಆತ್ ಯಾ, ಆತ್ ಯಾ” ಎನ್ನುತ್ತಾರೆ; ಮರಾಠಿಯಲ್ಲಿ ‘ಒಳಗೆ ಬನ್ನಿ’ ಎಂದರ್ಥ. ಕನ್ನಡದ ಕಿವಿಗೆ ಅದು ‘ಆತು’, ಎಂದರೆ ಮುಗಿಯಿತು. ಬೀಗರು ಹೊಸ್ತಿಲಲ್ಲಿಯೇ ನಿಂತು, “ನಾವು ಒಳಗ ಬರೂದ್ರಾಗನ ಆತಂದ್ರ ಹ್ಯಾಂಗ್ರಿ ಬೀಗರ? ನಾವು ಹಸದ ಬಂದೇವಿ” ಎನ್ನುತ್ತಾರೆ. ಯಜಮಾನರು ಸೋಲುವವರಲ್ಲ: “ಆತು ಅಂದದ್ದು ನಮ್ಮದರಿ. ನೀವು ಕುಂತ್ರ ನಿಮ್ಮದೂ ಆಗತೈತಿ.”

ಅಲಂಕಾರಶಾಸ್ತ್ರವನ್ನು ಓದಿದವರಿಗೆ ಇದು ಹೊಸದಾಗಿ ತೋರಬಾರದು. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ರುದ್ರಟನು ವಕ್ರೋಕ್ತಿಯನ್ನು ಶಬ್ದಾಲಂಕಾರವಾಗಿ ವಿವರಿಸಿದಾಗ ಈ ವ್ಯಾಪಾರವನ್ನೇ ಕಣ್ಣಮುಂದಿಟ್ಟುಕೊಂಡಿದ್ದನು. ಒಬ್ಬನು ಒಂದರ್ಥದಲ್ಲಿ ಆಡಿದ ಮಾತನ್ನು ಮತ್ತೊಬ್ಬನು ಬೇಕೆಂದೇ ಬೇರೆ ಅರ್ಥದಲ್ಲಿ ಹಿಡಿದು ಉತ್ತರ ಕೊಡುವುದು. ಅದಕ್ಕೆ ಸಾಧನ ಶ್ಲೇಷೆ, ಇಲ್ಲವೆ ಕಾಕು, ಎಂದರೆ ಧ್ವನಿಯ ಏರಿಳಿತ. ಶಾಸ್ತ್ರಕಾರರ ಉದಾಹರಣೆಗಳಲ್ಲಿ ಎರಡು ಅರ್ಥಗಳೂ ಒಂದೇ ಭಾಷೆಯವು. ಬಾಳೆಹಣ್ಣಿನ ಹೆಂಗಸು ಎರಡು ಭಾಷೆಗಳಿಂದ ಒಂದೊಂದರ್ಥವನ್ನು ಎತ್ತಿಕೊಂಡಳು, ಅಷ್ಟೇ ವ್ಯತ್ಯಾಸ.

ಈ ಅಷ್ಟೇ ವ್ಯತ್ಯಾಸದಲ್ಲಿ ಒಂದು ದೊಡ್ಡ ವಾದ ಅಡಗಿದೆ. ಇಂಗ್ಲಿಷ್ ಗದ್ಯದ ಆಚಾರ್ಯರಲ್ಲಿ ಒಬ್ಬನಾದ ಅಡಿಸನ್ 1711ರಲ್ಲಿ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ನಿಜವಾದ ವಿಟ್ ಯಾವುದು, ಸುಳ್ಳಾದದ್ದು ಯಾವುದು ಎಂದು ಹಲವು ಲೇಖನಗಳನ್ನು ಬರೆದನು. ಭಾವಗಳ ಸಾಮ್ಯದಿಂದ ಹುಟ್ಟಿದ್ದು ನಿಜ, ಬರಿಯ ಶಬ್ದಗಳ ಸಾಮ್ಯದಿಂದ ಹುಟ್ಟಿದ್ದು ಸುಳ್ಳು ಎಂಬುದು ಅವನ ಮತ. ಪರೀಕ್ಷೆಯನ್ನೂ ಹೇಳಿಕೊಟ್ಟನು: ಚಮತ್ಕಾರದ ಮಾತನ್ನು ಇನ್ನೊಂದು ಭಾಷೆಗೆ ತರ್ಜುಮೆ ಮಾಡಿ ನೋಡಿ, ಉಳಿದರೆ ಅದು ನಿಜವಾದ ವಿಟ್, ಕರಗಿಹೋದರೆ ಬರಿಯ ಶ್ಲೇಷೆ. ಈ ಪರೀಕ್ಷೆಯನ್ನು ನಾವು ಬಹಳ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇವೆ. ಲಂಡನ್ನಿನ ಕಾಫಿ ಅಂಗಡಿಯಲ್ಲಿ ಕುಳಿತವರಿಗೆ ಅದು ಒಪ್ಪಿರಬೇಕು. ಆದರೆ ನಿಪ್ಪಾಣಿಯ ಹೊಸ್ತಿಲಲ್ಲಿ ಹುಟ್ಟಿದ ಮಾತಿಗೆ ಅದನ್ನು ಹೇಗೆ ಹಚ್ಚಬೇಕು? ‘ಆತ್ ಯಾ’ ಎಂಬುದರಲ್ಲಿ ಮರಾಠಿಯವನಿಗೆ ಮಾತ್ರ ನಗೆಯಿಲ್ಲ. ಕನ್ನಡದವನಿಗೆ ಮಾತ್ರ ಅರ್ಥವೇ ಇಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿಯೇ ಅದು ಹುಟ್ಟಿತು. ಅಡಿಸನ್ನನು ಸಾಯಬೇಕೆಂದು ಹೇಳಿದ ಸ್ಥಳದಲ್ಲಿಯೇ ಈ ಚೇಷ್ಟೆಗೆ ಜೀವ ಬರುತ್ತದೆ. ಎರಡು ಭಾಷೆಗಳನ್ನೂ ಕ್ಷಣಮಾತ್ರದಲ್ಲಿ ಒಟ್ಟಿಗೆ ಹಿಡಿಯುವ ಬುದ್ಧಿ ಇಲ್ಲಿ ಬೇಕು. ಅದು ಕೀಳು ಬುದ್ಧಿಯೆಂದು ನಮಗೆ ತೋರುವುದಿಲ್ಲ.

ಇನ್ನು ಈ ಶಬ್ದದ ವ್ಯಾಕರಣಕ್ಕೆ ಬರೋಣ; ಅದರ ಮರ್ಮವೆಲ್ಲ ಇಲ್ಲಿಯೇ ಇದೆ. ‘ವಿಟ್’ ಎಂಬುದು ಒಬ್ಬ ಮನುಷ್ಯನ ಗುಣ, ಅಥವಾ ಒಂದು ವಾಕ್ಯದ ಗುಣ. ಅದನ್ನು ಪುಸ್ತಕದಲ್ಲಿ ಅಚ್ಚುಹಾಕಬಹುದು, ಸಂಕಲನ ಮಾಡಬಹುದು. ಚ್ಯಾಷ್ಟಿ ಹಾಗಲ್ಲ, ಅದನ್ನು ‘ಮಾಡ’ಬೇಕು. ಮಾಡುವುದಕ್ಕೆ ಇಬ್ಬರು ಬೇಕು. ಆ ಇಬ್ಬರ ಸಂಬಂಧವನ್ನು ವಿಭಕ್ತಿಯೇ ಹೇಳಿಬಿಡುತ್ತದೆ. “ಅಂವ ನನ್ನ ಜೋಡಿ ಚ್ಯಾಷ್ಟಿ ಮಾಡ್ತಾನ” ಎಂದರೆ ಅವನಿಗೂ ನನಗೂ ಸಲಿಗೆಯುಂಟು, ನಾವಿಬ್ಬರೂ ನಗುತ್ತೇವೆ ಎಂದರ್ಥ. “ಅಂವ ನನ್ನ ಚ್ಯಾಷ್ಟಿ ಮಾಡ್ತಾನ” ಎಂದರೆ ನನ್ನನ್ನು ಗೇಲಿಮಾಡುತ್ತಾನೆ ಎಂಬ ದೂರು. ನಡುವೆ ಇರುವುದು ‘ಜೋಡಿ’ ಎಂಬ ಒಂದೇ ಮಾತು. ಮರಾಠಿಯಲ್ಲಿಯೂ ಹೀಗೆಯೇ: ‘ಮಾಝ್ಯಾಶೀ’ ಎಂದರೆ ನನ್ನೊಡನೆ, ‘ಮಾಝೀ ಚೇಷ್ಟಾ’ ಎಂದರೆ ನನ್ನ ಅಪಹಾಸ್ಯ. ಆ ಭಾಷೆಯಲ್ಲಿ ಎರಡನೆಯ ಪ್ರಯೋಗದ ಕಡೆಗೆ ತಕ್ಕಡಿ ಹೆಚ್ಚಾಗಿ ವಾಲುತ್ತದೆ. ಕನ್ನಡದ ಬಾಯಲ್ಲಿ ‘ಜೋಡಿ’ಯ ಪ್ರಯೋಗಕ್ಕೆ ಇನ್ನೂ ಬಲವಿದೆ.

ಯಾರ ಜೋಡಿ ಮಾಡಬಹುದು, ಯಾರ ಜೋಡಿ ಮಾಡಬಾರದು ಎಂಬುದಕ್ಕೆ ಬರೆಯದ ಕಾನೂನಿದೆ. ಅತ್ತಿಗೆ ಮೈದುನರು ಮಾಡಬಹುದು. ಅಜ್ಜ ಮೊಮ್ಮಕ್ಕಳು ಮಾಡಬಹುದು. ಸೋದರಮಾವನ ಮಕ್ಕಳು, ಸೋದರತ್ತೆಯ ಮಕ್ಕಳು ಮಾಡದಿದ್ದರೆ ಏನೋ ಮುನಿಸಿದೆಯೆಂದು ಜನ ತಿಳಿಯುತ್ತಾರೆ. ಸೊಸೆಯಾದವಳು ಮಾವನೊಡನೆ ಮಾಡತಕ್ಕದ್ದಲ್ಲ. ಬೀಗರ ವಿಷಯದಲ್ಲಂತೂ ಅದು ಹಕ್ಕು ಮಾತ್ರವಲ್ಲದೆ ಕರ್ತವ್ಯವೂ ಹೌದು. ಮದುವೆಯಲ್ಲಿ ಹೆಂಗಸರು ಹಾಡುವ ಬೀಗರ ಹಾಡುಗಳಲ್ಲಿ ಗಂಡಿನ ಕಡೆಯವರ ಹೊಟ್ಟೆಬಾಕತನ, ಜಿಪುಣತನ, ಬೀಗಿತಿಯ ನಡಿಗೆ, ಉಡಿಗೆ ಯಾವುದೂ ಪಾರಾಗುವುದಿಲ್ಲ. ಅದೇ ಹಾಡನ್ನು ಮದುವೆಯ ಮರುವಾರ ಚಾವಡಿಯಲ್ಲಿ ಹಾಡಿದರೆ ಪಂಚರು ಸೇರಬೇಕಾದೀತು. ರ್‍ಯಾಡ್‌ಕ್ಲಿಫ್-ಬ್ರೌನ್ ಎಂಬ ಮಾನವಶಾಸ್ತ್ರಜ್ಞನು 1940ರಲ್ಲಿ ಇಂಥ ನಗೆಯ ಸಂಬಂಧಗಳ ವಿಷಯವಾಗಿ ಪ್ರಸಿದ್ಧವಾದ ಲೇಖನವೊಂದನ್ನು ಬರೆದನು. ರೂಢಿಯೇ ಒಬ್ಬನಿಗೆ ಮತ್ತೊಬ್ಬನನ್ನು ಕೆಣಕಲು ಅಪ್ಪಣೆ ಕೊಡುತ್ತದೆ, ಕೆಲವೆಡೆ ಕೆಣಕಲೇಬೇಕೆಂದು ವಿಧಿಸುತ್ತದೆ; ಕೆಣಕಿಸಿಕೊಂಡವನು ಸಿಟ್ಟಾಗಕೂಡದೆಂದೂ ವಿಧಿಸುತ್ತದೆ. ಹತ್ತಿರವಾಗಬೇಕಾದರೂ ಘರ್ಷಣೆಗೆ ಆಸ್ಪದವುಳ್ಳ ಎರಡು ಕಡೆಗಳನ್ನು ಈ ಕ್ರಮವು ಕಟ್ಟಿಡುತ್ತದೆಂಬುದು ಅವನ ವಿವರಣೆ. ಹೆಣ್ಣು ಕೊಟ್ಟವರು, ಹೆಣ್ಣು ತಂದವರು ಎಂಬ ನಮ್ಮ ಬೀಗತನಕ್ಕೆ ಇದು ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಇದೇ ಪ್ರಸಂಗದಲ್ಲಿ ಒಡಪಿನ ಮಾತನ್ನೂ ಹೇಳಬೇಕು. ಮದುವೆಯ ಹುಡುಗಿ ಗಂಡನ ಹೆಸರನ್ನು ಬರಿದೆ ಉಚ್ಚರಿಸಬಾರದು. ಆದರೆ ಬಾಗಿಲಲ್ಲಿ ಅಡ್ಡನಿಂತ ನಾದಿನಿಯರು ಹೆಸರು ಹೇಳದೆ ಒಳಗೆ ಬಿಡರು. ಆಗ ಅವಳು ಪ್ರಾಸಗೂಡಿಸಿದ ಎರಡು ಸಾಲಿನಲ್ಲಿ ಹೆಸರನ್ನು ಹುದುಗಿಸಿ ಹೇಳುತ್ತಾಳೆ. ಇದಕ್ಕೆ ಆ ಕಡೆಯ ಕನ್ನಡದಲ್ಲಿ ಒಡಪು ಎಂದು ಹೆಸರು. ಒಡಪೆಂದರೆ ಒಗಟು ಎಂದೂ ಅರ್ಥವಿದೆ. ಮರಾಠಿಯಲ್ಲಿ ಇದಕ್ಕೆ ‘ಉಖಾಣಾ’ ಎನ್ನುವರು. ಅದಕ್ಕೂ ಒಗಟು ಎಂದೇ ಇನ್ನೊಂದರ್ಥ. ಒಗಟಿನ ಹೆಸರನ್ನೇ ಮದುವೆಯ ಬಾಗಿಲಿಗೂ ಕೊಡಬೇಕೆಂದು ಎರಡು ಭಾಷೆಗಳಿಗೂ ತೋರಿತು. ಶಬ್ದಗಳು ಬೇರೆ, ಅರ್ಥಗಳ ಜೋಡಣೆ ಒಂದೇ. ಇಂಗ್ಲಿಷ್ ಕಲಿತ ನಮ್ಮ ಹೆಣ್ಣುಮಕ್ಕಳು ಈಗ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ಆದರೂ ಮದುವೆಯ ದಿನ ಒಡಪು ಹೇಳೆಂದರೆ ಅವರೂ ಹಿಂದೆಗೆಯುವುದಿಲ್ಲ. ಅಡ್ಡಿಯೇ ಇಲ್ಲದ ಹೆಸರನ್ನು ಅಡ್ಡಿಯಿದೆಯೆಂದು ನಟಿಸಿ ಹೇಳುವ ಈ ಹೊಸ ಒಡಪುಗಳಲ್ಲಿ ಚೇಷ್ಟೆಯ ಅಂಶ ಹಳೆಯದಕ್ಕಿಂತ ಹೆಚ್ಚೆಂದೇ ನಮ್ಮ ಅಭಿಪ್ರಾಯ.

ಆಟಗಳ ಮಾತನ್ನು ವಿಸ್ತರಿಸಲು ಸಮಯವಿಲ್ಲ. ಬೆಳಗಾವಿ, ಬಾಗಲಕೋಟೆಗಳ ಕಡೆಯಲ್ಲಿ ಪ್ರಸಿದ್ಧವಾದ ‘ಶ್ರೀಕೃಷ್ಣ ಪಾರಿಜಾತ’ವನ್ನು ರಾತ್ರಿಯೆಲ್ಲ ಕುಳಿತು ನೋಡಿದವರಿಗೆ ಭಾಗವತನೂ ದೂತಿಯೂ ನಡೆಸುವ ಸಂವಾದ ನೆನಪಿರುತ್ತದೆ. ಸತ್ಯಭಾಮೆಯ ವಿರಹವನ್ನು ಜನ ಗೌರವದಿಂದ ಕೇಳುತ್ತಾರೆ. ದೂತಿಯು ಭಾಗವತನ ಮಾತನ್ನು ತಿರುಗಿಸಿದಾಗ ಮಲಗಿದ್ದವರೂ ಎದ್ದು ಕೂರುತ್ತಾರೆ.

ಪರಭಾಷೆಯವನ ತಪ್ಪು ಕನ್ನಡವನ್ನೋ ತಪ್ಪು ಮರಾಠಿಯನ್ನೋ ಕಂಡು ನಗುವುದು ಯಾವ ಬಗೆಯದು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಕನ್ನಡದಲ್ಲಿ ಜಡವಸ್ತುಗಳೆಲ್ಲ ನಪುಂಸಕಲಿಂಗ. ಮರಾಠಿಯಲ್ಲಿ ಕಲ್ಲು ಗಂಡು, ಗೋಡೆ ಹೆಣ್ಣು, ಮನೆ ನಪುಂಸಕ. ಆದ್ದರಿಂದ ಮರಾಠಿಯಾಡುವ ಕನ್ನಡಿಗನು ಕ್ರಿಯಾಪದಗಳ ಲಿಂಗವನ್ನು ತನ್ನ ಇಷ್ಟದಂತೆ ಹಂಚುತ್ತಾನೆ. ಮರಾಠಿಯ ಮಹಾ ವಿನೋದಕಾರರಾದ ಪು. ಲ. ದೇಶಪಾಂಡೆಯವರು ತಮ್ಮ ‘ಗಣಗೋತ’ದಲ್ಲಿ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರವನ್ನು ಬರೆದಿದ್ದಾರೆ. ಅದರ ನಾಯಕರು ಬೆಳಗಾವಿಯವರು. ಅವರ ಮರಾಠಿ ಕನ್ನಡದ ನೊಗಕ್ಕೆ ಹೂಡಿದ್ದು, ಲಿಂಗವಿವೇಚನೆಯಿಲ್ಲದ್ದು. ಮಹಾರಾಷ್ಟ್ರದ ಓದುಗರೂ ಕೇಳುಗರೂ ಅದಕ್ಕೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಾರೆ. ಹಾಗಾದರೆ ಅದು ಕನ್ನಡಿಗನ ಅಪಹಾಸ್ಯವೆ? ಚಿತ್ರವನ್ನು ಪೂರ್ತಿ ತಿಳಿದವರು ಹಾಗೆನ್ನಲಾರರು. ಅಲ್ಲಿ ನಗೆಯನ್ನು ಹೊತ್ತಿರುವುದು ಪ್ರೀತಿ. ರಸಿಕರೂ ಧಾರಾಳಿಯೂ ಆದ ಒಬ್ಬ ಗೆಳೆಯರನ್ನು ಲೇಖಕರು ಮನಸಾರೆ ನೆನೆಯುತ್ತಾರೆ. ಆ ತಪ್ಪು ಮರಾಠಿಯು ಅವರ ಪ್ರಾಣದ ಉಸಿರಾಗಿ ಕೇಳುತ್ತದೆ. ಅದನ್ನು ತಿದ್ದಿ ಬರೆದಿದ್ದರೆ ಮನುಷ್ಯರೇ ಮಾಯವಾಗುತ್ತಿದ್ದರು. ಚಿಕ್ಕೋಡಿಯ ವ್ಯಾಕರಣದಲ್ಲಿ ಹೇಳುವುದಾದರೆ ಅದು ರಾವಸಾಹೇಬರ ‘ಜೋಡಿ’ ಮಾಡಿದ ಚ್ಯಾಷ್ಟಿ.

ಈ ‘ಜೋಡಿ’ ಕಳಚಿದರೆ ಏನಾಗುತ್ತದೆಂಬುದನ್ನು ಗಡಿನಾಡು ಕಾಣದೆ ಇಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿತು. ಅಂದಿನಿಂದ ಯಾವ ಹಳ್ಳಿ ಯಾವ ರಾಜ್ಯದ್ದು ಎಂಬ ವಿವಾದ ನಿಂತಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಆ ವಿವಾದದ ತೀರ್ಪು ನಮ್ಮ ವಿಷಯವಲ್ಲ. ಶಬ್ದದ ಮೇಲೆ ಅದರ ಪರಿಣಾಮವೇನೆಂಬುದು ಮಾತ್ರ ನಮ್ಮ ವಿಷಯ. ಒಬ್ಬ ಮರಾಠಿ ಗೃಹಸ್ಥರು ತಮ್ಮ ಕಷ್ಟವನ್ನು ಹೇಳಿಕೊಳ್ಳುತ್ತ “ಫಾರ್ ಹಾಲ್ ಝಾಲೇ” ಎನ್ನುತ್ತಾರೆ. ಬಹಳ ಪಾಡುಪಟ್ಟೆವು ಎಂದರ್ಥ. ಇಪ್ಪತ್ತು ವರ್ಷ ಪಕ್ಕದ ಹೊಲವನ್ನು ಉಳುವ ಕನ್ನಡಿಗನು, “ಹಾಲು ಭಾಳ ಆದ್ರ ಹೆಪ್ಪ ಹಾಕ್ರೆಲ್ಲ, ನಾ ಮಜ್ಜಿಗಿಗೆ ಬರ್ತೇನಿ” ಎಂದರೆ ಅವರ ಮುಖ ಅರಳುತ್ತದೆ. ನೆರೆಯವನು ಮಜ್ಜಿಗೆಗೆ ಬರುವಾಗ ಸಾಲದ ಹಣವನ್ನೂ ತರುತ್ತಾನೆಂಬುದು ಅವರಿಗೆ ಗೊತ್ತು. ಅದೇ ಮಾತನ್ನು ಬಸ್ ನಿಲ್ದಾಣದಲ್ಲಿ ಅಪರಿಚಿತನೊಬ್ಬನು ಆಡಿದರೆ? ಅಥವಾ ಸಭೆಯ ವೇದಿಕೆಯ ಮೇಲೆ ನಿಂತವನೊಬ್ಬನು ಚಪ್ಪಾಳೆಗಾಗಿ ಆಡಿದರೆ? ಅಕ್ಷರ ಅದೇ, ಶ್ಲೇಷೆ ಅದೇ. ರುದ್ರಟನ ಲಕ್ಷಣಕ್ಕೆ ಚ್ಯುತಿಯಿಲ್ಲ. ಆದರೆ ಅಂದು ಅದು ‘ನಮ್ಮ ಚ್ಯಾಷ್ಟಿ’ಯಾಗಿ, ಮರುದಿನದ ಪತ್ರಿಕೆಯಲ್ಲಿ ಅಚ್ಚಾಗಿ, ಬಸ್ಸಿನ ಗಾಜು ಒಡೆಯುವವರೆಗೂ ಹೋಗಬಹುದು.

ಹೀಗಾಗಿಯೇ ಚ್ಯಾಷ್ಟಿಯನ್ನು ಕೋಶದಲ್ಲಿ ‘ವಿಟ್’ ಎಂಬುದರ ಎದುರಿಗೆ ಬರೆದು ಕೈತೊಳೆದುಕೊಳ್ಳಲು ಬರುವುದಿಲ್ಲ. ನಾ. ಕಸ್ತೂರಿಯವರು ‘ಅನರ್ಥಕೋಶ’ವನ್ನು ರಚಿಸಿ ಕೋಶಕಾರರ ಗಾಂಭೀರ್ಯವನ್ನೇ ಕೆಣಕಿದರಷ್ಟೆ, ಅರ್ಥಕೋಶವನ್ನು ರಚಿಸುವವರು ಈ ಶಬ್ದಕ್ಕೆ ಬಂದಾಗ ಮಾಡುವವನನ್ನೂ ಮಾಡಿಸಿಕೊಳ್ಳುವವನನ್ನೂ ಸೇರಿಸಿ ಅರ್ಥ ಬರೆಯಬೇಕಾಗುತ್ತದೆ. ಅನುವಾದ ಮಾಡುವವರಿಗೂ ಇದು ಉಪಯುಕ್ತವಾದ ಎಚ್ಚರಿಕೆ. ಪರಭಾಷೆಯ ನಾಟಕದ ಎರಡು ಪಾತ್ರಗಳು ಒಬ್ಬರಿಗೊಬ್ಬರು ಚುರುಕಾಗಿ ಉತ್ತರ ಕೊಡುವಲ್ಲಿ ಮೊದಲು ನೋಡಬೇಕಾದದ್ದು ಅವರಿಬ್ಬರೂ ಬೀಗರ ಹಾಗಿದ್ದಾರೆಯೆ, ದಾಯಾದಿಗಳ ಹಾಗಿದ್ದಾರೆಯೆ ಎಂಬುದನ್ನು. ಆಮೇಲೆ ಶಬ್ದವನ್ನು ಹುಡುಕಬಹುದು.

ದಕ್ಷಿಣದಿಂದ ಆ ಕಡೆಗೆ ವರ್ಗವಾಗಿ ಹೋಗುವ ಉಪಾಧ್ಯಾಯರು, ಬ್ಯಾಂಕಿನವರು ಕೇಳುಗರಲ್ಲಿ ಇರಬಹುದು. ಅವರಿಗಾಗಿ ಪ್ರಯೋಗದ ಒಂದೆರಡು ಅಂಶಗಳನ್ನು ಹೇಳುತ್ತೇವೆ. ಅಲ್ಲಿ ಯಾರಾದರೂ ತಮ್ಮ ಮಾತನ್ನು ಕೇಳಿ “ಚ್ಯಾಷ್ಟಿ ಮಾಡಾಕತ್ತೀರೇನ್ರೀ?” ಎಂದರೆ ತಂಟೆಮಾಡುತ್ತಿದ್ದೀರೆಂದು ಆಕ್ಷೇಪಿಸಿದರೆಂದು ತಿಳಿಯಬಾರದು. ಹೇಳಿದ್ದು ನಿಜವೋ ನಗೆಗಾಗಿಯೋ ಎಂದು ಕೇಳುತ್ತಿದ್ದಾರೆ, ಅಷ್ಟೆ. ಆ ಕಡೆಯ ಮಾತಿನಲ್ಲಿ ಚ್ಯಾಷ್ಟಿಗೆ ಎದುರು ನಿಲ್ಲುವ ಶಬ್ದ ‘ಖರೆ’. “ಚ್ಯಾಷ್ಟಿನೋ ಖರೇನೋ?” ಎಂದು ಇಡಿಯ ಪ್ರಶ್ನೆಯೂ ಕೇಳಿಬರುತ್ತದೆ. “ಚ್ಯಾಷ್ಟಿಗಿ ಅಂದೆ” ಎಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂಬ ಕ್ಷಮಾಪಣೆಯೂ ಹೌದು. ಬಂದ ಹೊಸದರಲ್ಲಿ ಯಾರೂ ತಮ್ಮೊಡನೆ ಚ್ಯಾಷ್ಟಿ ಮಾಡುವುದಿಲ್ಲ. ‘ಸಾಹೇಬ್ರ’ ಎಂದು ಬಹುವಚನದಲ್ಲಿ ದೂರವಿಡುತ್ತಾರೆ. ಆರು ತಿಂಗಳ ಮೇಲೆ ಒಂದು ದಿನ ಚಹದ ಅಂಗಡಿಯವನು ತಮ್ಮ ಮೈಸೂರು ಕನ್ನಡದ ‘ಕೊಡಿ’ ‘ಬನ್ನಿ’ಗಳನ್ನು ಹಿಡಿದು, “ಕೊಡಿ ಅಂದ್ರ ಕೊಡೂದಿಲ್ರೀ, ಕೊಡ್ರಿ ಅಂದ್ರ ಕೊಡ್ತೇನಿ” ಎಂದು ಖಾಲಿ ಬಸಿಯನ್ನು ಮುಂದಿಟ್ಟಾನು. ಆಗ ಸಿಟ್ಟಾಗದೆ, ಬೇಗನೆ, ಅವನದೇ ಮಾತಿನಲ್ಲಿ ಒಂದು ಉತ್ತರವನ್ನು ಹುಡುಕಬೇಕು. ಉತ್ತರ ಚೆನ್ನಾಗಿದ್ದರೆ ಅವನು ಚಹಕ್ಕೆ ಆ ದಿನ ದುಡ್ಡು ತೆಗೆದುಕೊಳ್ಳಲಾರನು.